92 ಸಾವಿರ ರೂಪಾಯಿ ಎಲ್ಲಿಂದ ಬರಬೇಕು? ಬೀದಿ ಮಟ್ಟದ ಕೆಲಸ ಮತ್ತು ಸಣ್ಣ ಗ್ರಾಂಟ್

ಬನಶಂಕರಿ ಕಡೆ ನಮ್ಮ ಬೀದಿಯ ಕೊನೆಯಲ್ಲಿ ಒಂದು ಸರ್ಕಾರಿ ಪ್ರಾಥಮಿಕ ಶಾಲೆ ಇದೆ. ಜೋರು ಮಳೆ ಬಂದರೆ ಅದರ ಅಂಗಳದಲ್ಲಿ ನೀರು ನಿಲ್ಲುತ್ತದೆ. ಮಾರ್ಚ್ ಬಂದರೆ ಅದೇ ಶಾಲೆಗೆ ಟ್ಯಾಂಕರ್ ಬರುತ್ತದೆ. ಎರಡು ವರ್ಷದ ಹಿಂದೆ ಒಂದು ಭಾನುವಾರ ನಾವು ಒಂಬತ್ತು ಜನ ಆ ಅಂಗಳದ ಹೊಂಗೆ ಮರದ ಕೆಳಗೆ ಸೇರಿದೆವು. ಮಳೆನೀರನ್ನು ನೆಲದೊಳಕ್ಕೆ ಇಂಗಿಸುವ ಒಂದು ಇಂಗು ಬಾವಿ ತೋಡಿಸೋಣ, ಚಾವಣಿ ನೀರನ್ನು ಅದಕ್ಕೆ ಇಳಿಸೋಣ ಅಂತ ಮಾತಾಯಿತು. ಹೂವಿನ ಅಂಗಡಿಯ ತಾತ ಸುಮ್ನೆ ಕೇಳುತ್ತಾ ನಿಂತಿದ್ದವರು, "ಈ ಪಕ್ಕದಲ್ಲೇ ಕೆರೆ ಇತ್ತು ಕಣಪ್ಪಾ, ನಾನು ಈಜು ಕಲಿತಿದ್ದೇ ಅಲ್ಲಿ" ಅಂದರು. ಹಾಗಾದರೆ ಮಕ್ಕಳ ಕೈಯಲ್ಲೇ ಇಂಥ ನೆನಪುಗಳನ್ನು ರೆಕಾರ್ಡ್ ಮಾಡಿಸಿ ಒಂದು ಪುಟ್ಟ ಪುಸ್ತಕ ತರೋಣ ಅನ್ನೋದೂ ಸೇರಿಕೊಂಡಿತು. ಎಲ್ಲ ಕೂಡಿಸಿದಾಗ ಲೆಕ್ಕ 92 ಸಾವಿರಕ್ಕೆ ಬಂತು.

ಅದೇ ವಾರ ಮೂರು ಕಡೆಯಿಂದ ಮಾತು ಬಂತು. ಗುಂಪಿನಲ್ಲಿದ್ದ ಒಬ್ಬ ಹುಡುಗ, "ನಮ್ಮ ಕಂಪನಿಯಲ್ಲಿ ಸಿಎಸ್‌ಆರ್ ದುಡ್ಡು ಇದೆ, ಕೇಳ್ತೀನಿ" ಅಂದ. ಸಿಎಸ್‌ಆರ್ ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ದುಡ್ಡು. ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದ ಒಬ್ಬರು, "ಒಂದು ಸಾವಿರ ಡಾಲರ್ ಕಳಿಸ್ತೀನಿ, ಅಕೌಂಟ್ ನಂಬರ್ ಕೊಡಿ" ಅಂದರು. ಇನ್ನೊಬ್ಬರು ಶಾಸಕರ ಕಚೇರಿಗೆ ಹೋಗಿ ಮಾತಾಡಿ ಬಂದರು. ಮೂರೂ ಕಡೆ ದುಡ್ಡು ನಿಜವಾಗಿಯೂ ಇತ್ತು. ಕೊಡುವ ಮನಸ್ಸೂ ಇತ್ತು. ಆದರೂ ಮೂರರಲ್ಲಿ ಒಂದೂ ನಮ್ಮ ಕೈ ಸೇರಲಿಲ್ಲ.

ಆಗ ನನಗೆ ಬೇಜಾರಾಗಿತ್ತು. ಆಮೇಲೆ ಬೇರೆ ಬಡಾವಣೆಗಳ ಕೆಲವು ಗುಂಪುಗಳ ಜೊತೆ ಕೂತು ಅರ್ಜಿ ಬರೆದುಕೊಡುತ್ತಾ ಹೋದಾಗ ವಿಷಯ ತಿಳಿಯಾಯಿತು. ದುಡ್ಡಿನಲ್ಲೂ ಜಾತಿಗಳಿವೆ. ಒಂದೊಂದು ಜಾತಿಯ ದುಡ್ಡಿಗೆ ಒಂದೊಂದು ಕಾನೂನು. ಆ ಕಾನೂನು ಹೇಳಿದ ಖಾತೆಗೆ ಮಾತ್ರ ಅದು ಹೋಗಬಲ್ಲದು. ಎಷ್ಟೋ ಗುಂಪುಗಳು "ನಮಗೆ ಯಾರೂ ಕೊಡಲ್ಲ" ಅಂತ ಕೈಚೆಲ್ಲುತ್ತವೆ. ಬಹಳ ಸಲ ಅಲ್ಲಿ ಆಗಿರುವುದು ಇಷ್ಟೇ: ತಮಗೆ ಬರಲಾಗದ ದುಡ್ಡಿನ ಬಾಗಿಲು ತಟ್ಟಿರುತ್ತಾರೆ.

ಗ್ರಾಂಟ್ ಅಂದರೆ ಯಾವ ಥರದ ದುಡ್ಡು?

ಗಣೇಶನ ಚಂದಾದಿಂದ ಶುರು ಮಾಡೋಣ. ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುತ್ತೇವೆ. ಕೊಟ್ಟವರು ಹಬ್ಬಕ್ಕೆ ಅಂತ ಕೊಡುತ್ತಾರೆ, ಹೂವಿಗೆ ಎಷ್ಟು, ವಾದ್ಯಕ್ಕೆ ಎಷ್ಟು ಅಂತ ಕೇಳುವುದಿಲ್ಲ. ಅದು ದೇಣಿಗೆ. ಅದೇ ಪೆಂಡಾಲಿಗೆ ಒಂದು ಬಟ್ಟೆ ಅಂಗಡಿಯವರು ಹತ್ತು ಸಾವಿರ ಕೊಟ್ಟು ತಮ್ಮ ಬ್ಯಾನರ್ ಕಟ್ಟಿಸುತ್ತಾರೆ. ಅದು ಪ್ರಾಯೋಜನೆ, ಅಂದರೆ ಜಾಹೀರಾತಿನ ವ್ಯವಹಾರ. ಗ್ರಾಂಟ್, ಅಂದರೆ ಅನುದಾನ, ಇವೆರಡೂ ಅಲ್ಲ. ಇಂಥ ಕೆಲಸ, ಇಷ್ಟು ದಿನದಲ್ಲಿ, ಇಷ್ಟು ಖರ್ಚಿನಲ್ಲಿ ಮಾಡುತ್ತೇವೆ ಅಂತ ನಾವು ಮೊದಲೇ ಬರೆದುಕೊಡುತ್ತೇವೆ. ಆ ಬರಹವನ್ನು ನಂಬಿ ಅವರು ಕೊಡುತ್ತಾರೆ. ಕೆಲಸ ಮುಗಿದರೆ ವಾಪಸ್ ಕೊಡಬೇಕಿಲ್ಲ. ಹೇಳಿದ ಕೆಲಸಕ್ಕೆ ಬಿಟ್ಟು ಬೇರೆಯದಕ್ಕೆ ಖರ್ಚು ಮಾಡಿದರೆ ವಾಪಸ್ ಕೇಳುವ ಹಕ್ಕು ಅವರಿಗಿದೆ.

ನಮ್ಮ ಕಡೆಯ ಮುಯ್ಯಿ ಪುಸ್ತಕ ಗೊತ್ತಲ್ವಾ? ಮದುವೆಯಲ್ಲಿ ಯಾರು ಎಷ್ಟು ಹಾಕಿದರು ಅಂತ ಬರೆದಿಡುತ್ತಾರೆ, ಅವರ ಮನೆ ಮದುವೆಗೆ ತಿರುಗಿಸಬೇಕಲ್ಲ. ಗ್ರಾಂಟ್‌ನಲ್ಲಿ ತಿರುಗಿಸಬೇಕಾದದ್ದು ದುಡ್ಡಲ್ಲ, ಕೆಲಸ ಮತ್ತು ಅದರ ಲೆಕ್ಕ.

"ಸಣ್ಣ" ಅನ್ನುವ ಮಾತಿಗೂ ಒಂದೇ ಅಳತೆ ಇಲ್ಲ. ವಿಶ್ವಸಂಸ್ಥೆಯ ಯುಎನ್‌ಡಿಪಿ ನಡೆಸುವ, 1992ರಲ್ಲಿ ಶುರುವಾದ ಜಾಗತಿಕ ಪರಿಸರ ನಿಧಿಯ ಸ್ಮಾಲ್ ಗ್ರಾಂಟ್ಸ್ ಕಾರ್ಯಕ್ರಮದಲ್ಲಿ ಸಣ್ಣದು ಅಂದರೆ 50 ಸಾವಿರ ಡಾಲರ್‌ವರೆಗೂ ಹೋಗುತ್ತಿತ್ತು. ರೂಪಾಯಿ ಲೆಕ್ಕದಲ್ಲಿ ಅದು 40 ಲಕ್ಷಕ್ಕೂ ಜಾಸ್ತಿ. ಇನ್ನೊಂದು ತುದಿಯಲ್ಲಿ ಆಸಮ್ ಫೌಂಡೇಷನ್ ಇದೆ. 2009ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿದ್ದು. ಅದರ ಕ್ರಮ ನನಗೆ ಬಹಳ ಇಷ್ಟ. ಹತ್ತು ಜನ ಸೇರಿ ತಲಾ 100 ಡಾಲರ್ ಹಾಕುತ್ತಾರೆ. ಬಂದ ಅರ್ಜಿಗಳನ್ನು ಓದಿ ಒಂದನ್ನು ಆರಿಸಿ 1,000 ಡಾಲರ್ ಕೊಟ್ಟುಬಿಡುತ್ತಾರೆ. ಕರಾರು ಬಹಳ ಕಡಿಮೆ. ನಮ್ಮ ಬಡಾವಣೆಗಳಲ್ಲಿ ಚೀಟಿ ನಡೆಸಿ ಅಭ್ಯಾಸ ಇರುವ ಜನ ಎಷ್ಟಿದ್ದಾರೆ! ಹತ್ತು ಮನೆಯವರು ತಿಂಗಳಿಗೆ ತಲಾ ಸಾವಿರ ಹಾಕಿದರೆ ಪ್ರತಿ ತಿಂಗಳೂ ಬಡಾವಣೆಯ ಒಂದು ಕೆಲಸಕ್ಕೆ ಹತ್ತು ಸಾವಿರ ಸಿಗುತ್ತದೆ. ಇದಕ್ಕೆ ಹೊರಗಿನವರು ಯಾರೂ ಬೇಕಿಲ್ಲ.

ಯಾವ ದುಡ್ಡು ಯಾರ ಖಾತೆಗೆ

ಈಗ ಆ ಮೂರು ಮಾತುಗಳಿಗೆ ಬರುತ್ತೇನೆ. ಇಲ್ಲೇ ವಿಷಯ ಸ್ವಲ್ಪ ಗೋಜಲು. ನಿಧಾನವಾಗಿ ಬಿಡಿಸೋಣ.

ಮೊದಲು ಕಂಪನಿಯ ದುಡ್ಡು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ ಅಂದರೆ ದೊಡ್ಡದು. ಹಿಂದಿನ ಮೂರು ವರ್ಷದ ಲಾಭದ ಸರಾಸರಿ ತೆಗೆದು ಅದರ ಶೇ 2ರಷ್ಟನ್ನು ಖರ್ಚು ಮಾಡಬೇಕು. ಪರಿಸರ, ಶಿಕ್ಷಣ, ಕಲೆ, ಪರಂಪರೆ ಎಲ್ಲವೂ ಪಟ್ಟಿಯಲ್ಲಿವೆ. ತಾನಿರುವ ಊರಿನ ಸುತ್ತಮುತ್ತಲಿಗೆ ಆದ್ಯತೆ ಕೊಡಿ ಅಂತಲೂ ಕಾಯ್ದೆ ಹೇಳುತ್ತದೆ. ಇಷ್ಟು ಕಂಪನಿಗಳಿರುವ ಬೆಂಗಳೂರಿಗೆ ಇದು ಒಳ್ಳೆ ಸುದ್ದಿಯೇ.

ತೊಡಕು ಎಲ್ಲಿ ಅಂದರೆ, ಕಂಪನಿ ಈ ದುಡ್ಡನ್ನು ಬೇರೆ ಸಂಸ್ಥೆಯ ಮೂಲಕ ಖರ್ಚು ಮಾಡುವುದಾದರೆ ಆ ಸಂಸ್ಥೆ ನೋಂದಣಿ ಆಗಿರಬೇಕು. ಆದಾಯ ತೆರಿಗೆಯ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ) ಪತ್ರಗಳು ಇರಬೇಕು. ಸಾಮಾನ್ಯವಾಗಿ ಮೂರು ವರ್ಷ ಕೆಲಸ ಮಾಡಿದ ಅನುಭವ ತೋರಿಸಬೇಕು. 2021ರ ಏಪ್ರಿಲ್‌ನಿಂದ ಇದರ ಮೇಲೆ ಸಿಎಸ್‌ಆರ್-1 ಅನ್ನುವ ನಮೂನೆ ತುಂಬಿ ಕಂಪನಿ ವ್ಯವಹಾರಗಳ ಸಚಿವಾಲಯದಿಂದ ಒಂದು ನಂಬರ್ ಪಡೆಯಬೇಕು. ಹೊಂಗೆ ಮರದ ಕೆಳಗೆ ಸೇರಿದ ಒಂಬತ್ತು ಜನಕ್ಕೆ ಇದರಲ್ಲಿ ಒಂದೂ ಇರಲಿಲ್ಲ. ಇನ್ನೊಂದು ಮಾತು. 60 ಲಕ್ಷದ ಯೋಜನೆಗೂ 90 ಸಾವಿರದ ಯೋಜನೆಗೂ ಕಂಪನಿಯವರಿಗೆ ಕಾಗದದ ಕೆಲಸ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಅವರು ದೊಡ್ಡದರ ಕಡೆಗೇ ವಾಲುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಬೀದಿ ಮಟ್ಟದ ಕೆಲಸಕ್ಕೆ ಒಂದು ಪಾಲು ಎತ್ತಿಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಒಳದಾರಿ ಇದೆ, ಕಾನೂನಿನ ಒಳಗೇ ಇರುವುದು. ಕಂಪನಿ ಕೆಲಸವನ್ನು ತಾನೇ ಮಾಡಿಸಬಹುದು. ಅಂದರೆ ಬಾವಿ ತೋಡಿದವರಿಗೆ, ಪೈಪ್ ಕೊಟ್ಟ ಅಂಗಡಿಗೆ ಕಂಪನಿಯೇ ನೇರವಾಗಿ ಬಿಲ್ ಕಟ್ಟುತ್ತದೆ. ದುಡ್ಡು ಗುಂಪಿನ ಖಾತೆಗೆ ಬರುವುದೇ ಇಲ್ಲ. ಕೆಲಸ ಮಾತ್ರ ನಮ್ಮಲ್ಲಿ ಆಗುತ್ತದೆ. ನೋಂದಣಿ ಇಲ್ಲದ ಗುಂಪುಗಳು ಕಂಪನಿಯವರನ್ನು ಹೀಗೆ ಕೇಳಿ ನೋಡಬೇಕು.

ಎರಡನೆಯದು ಡಾಲರ್. ಇಲ್ಲಿ ಜನ ಗೊತ್ತಿಲ್ಲದೇ ತಪ್ಪು ಮಾಡುತ್ತಾರೆ, ಹಾಗಾಗಿ ಇಲ್ಲಿ ಒಂದು ನಿಮಿಷ ಜಾಸ್ತಿ ನಿಲ್ಲೋಣ. ವಿದೇಶದಿಂದ ಬರುವ ದೇಣಿಗೆಗೆ 2010ರ ಎಫ್‌ಸಿಆರ್‌ಎ ಕಾಯ್ದೆ ಇದೆ. ಸಾಮಾಜಿಕ, ಸಾಂಸ್ಕೃತಿಕ, ಶೈಕ್ಷಣಿಕ ಕೆಲಸಕ್ಕೆ ವಿದೇಶಿ ಮೂಲದ ಹಣ ಪಡೆಯಬೇಕಾದರೆ ಕೇಂದ್ರ ಗೃಹ ಸಚಿವಾಲಯದಲ್ಲಿ ನೋಂದಣಿ ಬೇಕು, ಇಲ್ಲವೇ ಆ ಒಂದು ಹಣಕ್ಕೆ ಮೊದಲೇ ಅನುಮತಿ ಪಡೆಯಬೇಕು. ನೋಂದಣಿ ಬೇಕಾದರೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿಯಷ್ಟು ಕೆಲಸ ಮಾಡಿರಬೇಕು. ದುಡ್ಡು ಮೊದಲು ಬಂದು ಬೀಳುವುದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ ಮಾತ್ರ. ನಮ್ಮ ಬೀದಿಯ ಬ್ಯಾಂಕಿಗೆ ನೇರವಾಗಿ ತರಿಸುವ ಹಾಗಿಲ್ಲ.

2020ರ ತಿದ್ದುಪಡಿ ಇನ್ನೊಂದು ಬಾಗಿಲು ಮುಚ್ಚಿತು. ಮೊದಲು ಎಫ್‌ಸಿಆರ್‌ಎ ಇರುವ ದೊಡ್ಡ ಸಂಸ್ಥೆ ವಿದೇಶಿ ಹಣ ಪಡೆದು, ಎಫ್‌ಸಿಆರ್‌ಎ ಇರುವ ಇನ್ನೊಂದು ಸಣ್ಣ ಸಂಸ್ಥೆಗೆ ಹಂಚಬಹುದಿತ್ತು. ಈಗ ಹಾಗೆ ಹಂಚುವುದಕ್ಕೇ ನಿಷೇಧ. ಆಡಳಿತದ ಖರ್ಚಿಗೆ ಬಳಸಬಹುದಾದ ಮಿತಿಯೂ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಪರಿಸರ ಮತ್ತು ಕಲೆಯ ಎಷ್ಟೋ ಸಣ್ಣ ಗ್ರಾಂಟ್‌ಗಳು ವಿದೇಶಿ ನಿಧಿಗಳಿಂದ ಹರಿದು ಬರುತ್ತಿದ್ದವು. ಆ ಹರಿವಿಗೆ ಇದು ಕಟ್ಟೆ ಹಾಕಿತು.

ಆದರೆ ಇಲ್ಲೊಂದು ಮುಖ್ಯವಾದ ವ್ಯತ್ಯಾಸ ತಿಳಿದಿರಲಿ. ವಿದೇಶದಲ್ಲಿ ಇರುವವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ, ತಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕ್ ಮೂಲಕ ಕಳಿಸುವ ಹಣ ವಿದೇಶಿ ದೇಣಿಗೆ ಅಲ್ಲ. ಅವರು ಅಲ್ಲಿನ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ ಆಗುತ್ತದೆ, ಕನ್ನಡಿಗರೇ ಆಗಿರಲಿ, ನಮ್ಮ ಬೀದಿಯಲ್ಲೇ ಬೆಳೆದಿರಲಿ. ನಮಗೆ ಸಾವಿರ ಡಾಲರ್ ಕೊಡುತ್ತೇನೆ ಅಂದವರಿಗೆ ನಾವು ಕೈಮುಗಿದು ಬೇಡ ಅನ್ನಬೇಕಾಗಿ ಬಂದದ್ದು ಇದಕ್ಕೇ. ಅವರಿಗೆ ಇದನ್ನು ಹೇಳುವಾಗ ನನಗೆ ಗಂಟಲು ಕಟ್ಟಿತ್ತು.

ಮೂರನೆಯದು ಶಾಸಕರ, ಸಂಸದರ ನಿಧಿ. ಸಂಸದರ ನಿಧಿ 1993ರಲ್ಲಿ ಶುರುವಾಯಿತು, ವರ್ಷಕ್ಕೆ 5 ಕೋಟಿ ರೂಪಾಯಿ. ಸಂಸದರು ಶಿಫಾರಸು ಮಾತ್ರ ಮಾಡುತ್ತಾರೆ. ಮಂಜೂರಾತಿ, ಖರ್ಚು ಎಲ್ಲ ಜಿಲ್ಲಾಡಳಿತದ ಮೂಲಕ. ಬಾಳಿಕೆ ಬರುವ ಸಾರ್ವಜನಿಕ ಆಸ್ತಿ ಮಾಡಲು ಅದು ಇರುವುದು: ಕೊಠಡಿ, ನೀರಿನ ಟ್ಯಾಂಕ್, ಇಂಥವು. ಶಾಸಕರ ನಿಧಿಯೂ ಹೆಚ್ಚುಕಡಿಮೆ ಇದೇ ದಾರಿ. ಮಕ್ಕಳು ತಾತಂದಿರ ನೆನಪು ರೆಕಾರ್ಡ್ ಮಾಡುವುದಕ್ಕೆ ಇಲ್ಲಿ ಜಾಗ ಇಲ್ಲ. ಗ್ರಾಂಟ್ ಅಂತ ತಿಳಿದು ಇದರ ಹಿಂದೆ ತಿಂಗಳುಗಟ್ಟಲೆ ಓಡಾಡಿದವರನ್ನು ನೋಡಿದ್ದೇನೆ.

ಹಾಗಾದರೆ ಯಾರು ಕೊಡುತ್ತಾರೆ?

ಕಲೆ ಮತ್ತು ಸಂಸ್ಕೃತಿಗೆ ಬೆಂಗಳೂರಿನಲ್ಲೇ ಬಾಗಿಲುಗಳಿವೆ. ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಇಲ್ಲಿನದೇ ಸಂಸ್ಥೆ. ಸ್ಥಾಪನೆ 1993ರಲ್ಲಿ, ಗ್ರಾಂಟ್ ಕೊಡಲು ಶುರು ಮಾಡಿದ್ದು 1995ರಿಂದ. ಸಂಸ್ಥೆಗಳಿಗಷ್ಟೇ ಅಲ್ಲ, ಒಬ್ಬ ವ್ಯಕ್ತಿಗೂ ಕೊಡುತ್ತದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಇದು ಸಣ್ಣ ವಿಷಯ ಅಲ್ಲ. ಇಂಗ್ಲಿಷ್ ಬರುವುದಿಲ್ಲ ಅಂತ ಹಿಂದೆ ಸರಿದ ಎಷ್ಟು ಕಲಾವಿದರಿದ್ದಾರೆ ಅಲ್ವಾ? ಬೆಂಗಳೂರಿನ ಬಡಾವಣೆ, ಬೀದಿ, ನೆನಪುಗಳ ಸುತ್ತ ಕೆಲಸ ಮಾಡುವವರಿಗಾಗಿ ಈ ಸಂಸ್ಥೆ ರೂಪಿಸಿದ ಯೋಜನೆಯ ಹೆಸರು ಪ್ರಾಜೆಕ್ಟ್ 560. ನಮ್ಮ ಪಿನ್‌ಕೋಡಿನ ಮೊದಲ ಮೂರು ಅಂಕಿ. ಸರ್ಕಾರಿ ಶಾಲೆಯ ಶಿಕ್ಷಕರು ಕಲೆಯನ್ನು ತರಗತಿಗೆ ತರಲು ಕಲಿ-ಕಲಿಸು ಅನ್ನುವ ಯೋಜನೆ ರೂಪಿಸಿದ್ದೂ ಇವರೇ.

ಸರ್ಕಾರದ ಕಡೆ ನೋಡಿದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ನೋಂದಾಯಿತ ಸಂಘಗಳಿಗೆ ಧನಸಹಾಯ ಕೊಡುತ್ತದೆ. ಅರ್ಜಿ ಸೇವಾ ಸಿಂಧು ಅನ್ನುವ ಸರ್ಕಾರಿ ಜಾಲತಾಣದ ಮೂಲಕ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಸಹಾಯಧನ ಕೊಡುತ್ತದೆ. ಇದಲ್ಲದೆ ಊರಿನಲ್ಲಿ ಕುಟುಂಬಗಳು ನಡೆಸುವ ಟ್ರಸ್ಟ್‌ಗಳು, ರೋಟರಿ ಮತ್ತು ಲಯನ್ಸ್ ಕ್ಲಬ್‌ಗಳು ಇವೆ. ಅವು ಸದ್ದಿಲ್ಲದೆ ಕೊಡುತ್ತವೆ. ಕೇಳಿದರೆ ಮಾತ್ರ ಗೊತ್ತಾಗುವುದು.

ಒಂದು ಅಡ್ಡ ಮಾತು. ಬಹಳ ಅರ್ಜಿಗಳಲ್ಲಿ "ಪರಿಸರ" ಒಂದು ಪೆಟ್ಟಿಗೆ, "ಸಂಸ್ಕೃತಿ" ಇನ್ನೊಂದು ಪೆಟ್ಟಿಗೆ. ಯಾವುದಾದರೂ ಒಂದಕ್ಕೆ ಟಿಕ್ ಹಾಕಿ ಅನ್ನುತ್ತಾರೆ. ಬೆಂಗಳೂರಿನಲ್ಲಿ ಇವೆರಡನ್ನೂ ಬೇರೆ ಮಾಡುವುದು ಕಷ್ಟ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಕರಗಕ್ಕೂ ಸಂಪಂಗಿ ಕೆರೆಗೂ ಹಳೆಯ ನಂಟು. ಕೆರೆ ಹೋಯಿತು, ಆಚರಣೆ ಉಳಿದ ಪುಟ್ಟ ಕುಂಟೆಯನ್ನು ಹಿಡಿದುಕೊಂಡಿದೆ. ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ಶಾಸನ ಕ್ರಿ.ಶ. 750ರ ಆಸುಪಾಸಿನದು. ಬೇಗೂರಿನ ಶಾಸನದಲ್ಲಿ ಸಾವಿರ ವರ್ಷಕ್ಕೂ ಹಿಂದೆಯೇ ಬೆಂಗಳೂರಿನ ಹೆಸರಿದೆ. ಇಂಥ ಕಲ್ಲುಗಳನ್ನು ಇತಿಹಾಸದ ಅಧ್ಯಯನ ಮಾಡುವ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಮೂರು ಆಯಾಮದ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಕಲ್ಲು ಕೆಲವೊಮ್ಮೆ ಚರಂಡಿ ಪಕ್ಕದಲ್ಲೇ ಇರುತ್ತದೆ. ಅದನ್ನು ಕಾಯುವುದು ಪರಿಸರದ ಕೆಲಸವೋ ಸಂಸ್ಕೃತಿಯ ಕೆಲಸವೋ? ನಮ್ಮ ಬಾವಿ ಮತ್ತು ಪುಸ್ತಕವನ್ನು ನಾವು ಒಂದೇ ಅರ್ಜಿಯಲ್ಲಿ ಹಾಕಿದ್ದೂ ಇದೇ ಕಾರಣಕ್ಕೆ. ಕೆರೆಯ ಕಥೆ ಕೇಳಿದ ಮಕ್ಕಳು ಬಾವಿಯನ್ನು ಬೇರೆಯದೇ ಕಣ್ಣಿನಿಂದ ನೋಡುತ್ತಾರೆ.

ಖಾತೆಯ ಪ್ರಶ್ನೆ

ನಮ್ಮ ಮೊದಲ ಅರ್ಜಿ ತಿರಸ್ಕಾರವಾಯಿತು. ಊರಿನ ಒಂದು ಟ್ರಸ್ಟ್‌ಗೆ ಹಾಕಿದ್ದೆವು. ಕೆಲಸ ಅವರಿಗೆ ಇಷ್ಟವಾಗಿತ್ತು. ಆದರೆ ಬ್ಯಾಂಕ್ ವಿವರ ಅನ್ನುವ ಕಡೆ ನಮ್ಮ ಖಜಾಂಚಿಯ ಸ್ವಂತ ಖಾತೆ ಬರೆದಿದ್ದೆವು. ಅದು ಆಗುವುದಿಲ್ಲ ಅಂದರು. ನಮಗೆ ಮೊದಲು ಅವಮಾನ ಆದ ಹಾಗಾಯಿತು. ನಮ್ಮ ಖಜಾಂಚಿಯನ್ನು ಕಂಡರೆ ಇಡೀ ಬೀದಿಗೇ ನಂಬಿಕೆ. ಆದರೆ ಟ್ರಸ್ಟ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನೆಂಟರಲ್ಲದವರಿಂದ ಒಬ್ಬ ವ್ಯಕ್ತಿಯ ಖಾತೆಗೆ ವರ್ಷಕ್ಕೆ ಒಟ್ಟು 50 ಸಾವಿರ ರೂಪಾಯಿ ದಾಟಿ ಉಡುಗೊರೆ ಬಂದರೆ, ಆ ಪೂರ್ತಿ ಮೊತ್ತ ಅವರ ಆದಾಯ ಅಂತ ತೆರಿಗೆಗೆ ಸೇರುತ್ತದೆ. ಬೀದಿಯ ಬಾವಿಗೆ ಬಂದ ದುಡ್ಡಿಗೆ ಆ ಮನುಷ್ಯ ತೆರಿಗೆ ಇಲಾಖೆಗೆ ಉತ್ತರ ಕೊಡುತ್ತಾ ಕೂರಬೇಕಾಗುತ್ತಿತ್ತು.

ಹಾಗಾದರೆ ಸಂಘ ನೋಂದಣಿ ಮಾಡಿಸಬೇಕಾ? ಮಾಡಿಸಬಹುದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಇದ್ದರೆ ಸಾಕು. ಬೈಲಾ ಬರೆದು ಜಿಲ್ಲಾ ನೋಂದಣಾಧಿಕಾರಿಗೆ ಕೊಡಬೇಕು. ಟ್ರಸ್ಟ್ ಆದರೆ ಟ್ರಸ್ಟ್ ಡೀಡ್ ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ಇದು ಮುಗಿಯಿತು ಅನ್ನುವ ಹಾಗಿಲ್ಲ. ಪ್ರತಿ ವರ್ಷ ಸಾಮಾನ್ಯ ಸಭೆ, ನಡವಳಿ ಪುಸ್ತಕ, ಆಡಿಟ್, ಪದಾಧಿಕಾರಿಗಳ ಪಟ್ಟಿ ಸಲ್ಲಿಸುವುದು, ತೆರಿಗೆ ರಿಟರ್ನ್. ಒಂದು ಬಾವಿಗಾಗಿ ಸಂಘ ಕಟ್ಟಿ, ಬಾವಿ ಮುಗಿದ ಮೇಲೆ ಸಂಘ ಮಲಗಿಬಿಟ್ಟರೆ ಆ ಕಾಗದಗಳ ಹೊರೆ ಯಾರದೋ ತಲೆ ಮೇಲೆ ಉಳಿಯುತ್ತದೆ. ಐದಾರು ವರ್ಷ ಒಟ್ಟಿಗೆ ಕೆಲಸ ಮಾಡುವ ಮನಸ್ಸಿದ್ದರೆ ಮಾತ್ರ ನೋಂದಣಿಗೆ ಕೈಹಾಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಪುಟ್ಟೇನಹಳ್ಳಿ ಕೆರೆಯವರದ್ದು ಅಂಥ ಕೆಲಸ. ಜೆ.ಪಿ. ನಗರದ ಆ 13 ಎಕರೆಯ ಕೆರೆ ಕಸ, ಕೊಳಕಿನಿಂದ ಸೊರಗಿತ್ತು. 2010ರಲ್ಲಿ ಅಕ್ಕಪಕ್ಕದವರೇ ಟ್ರಸ್ಟ್ ಕಟ್ಟಿದರು. ಕೆರೆ ನೋಡಿಕೊಳ್ಳುವುದು ವರ್ಷವಿಡೀ ಇರುವ ಕೆಲಸ. ಕಳೆ ತೆಗೆಯಬೇಕು, ಗಿಡಕ್ಕೆ ನೀರು ಹಾಕಬೇಕು, ಕೆಲಸದವರಿಗೆ ತಿಂಗಳು ತಿಂಗಳು ಸಂಬಳ ಕೊಡಬೇಕು. ಅದಕ್ಕೆ ನೋಂದಣಿ ಬೇಕೇ ಬೇಕು.

ನಾವು ಹಿಡಿದದ್ದು ಮೂರನೇ ದಾರಿ. ನಮ್ಮ ಬಡಾವಣೆಯಲ್ಲಿ ರಾಜ್ಯೋತ್ಸವ ಮಾಡುತ್ತಾ ಬಂದ ಹಳೆಯ ಕನ್ನಡ ಸಂಘ ಒಂದಿದೆ. ನೋಂದಣಿ, ಪಾನ್ ಕಾರ್ಡ್, 80ಜಿ, ಆಡಿಟ್ ಎಲ್ಲ ಸರಿಯಾಗಿ ಇಟ್ಟುಕೊಂಡಿದ್ದಾರೆ. ಅವರ ಖಾತೆಗೆ ಗ್ರಾಂಟ್ ಬರಲಿ, ಕೆಲಸ ನಾವು ಮಾಡುತ್ತೇವೆ, ಲೆಕ್ಕ ಇಬ್ಬರೂ ನೋಡೋಣ ಅಂತ ಕೇಳಿದೆವು. ಅವರ ಕಾರ್ಯದರ್ಶಿ ಮೇಡಂ ಒಂದೇ ಮಾತು ಹೇಳಿದರು: "ಬಾಯಿಮಾತು ಬೇಡ, ಬರೆದುಕೊಳ್ಳೋಣ." ಎರಡು ಪುಟದ ಒಪ್ಪಂದ ಆಯಿತು. ಯಾರ ಸಹಿ ಇದ್ದರೆ ದುಡ್ಡು ಹೊರಡುತ್ತದೆ, ಬಿಲ್ ಎಷ್ಟು ದಿನದಲ್ಲಿ ಕೊಡಬೇಕು, ಕೆಲಸ ನಿಂತರೆ ಉಳಿದ ದುಡ್ಡು ಏನಾಗುತ್ತದೆ, ಅವರ ಆಡಿಟ್ ಖರ್ಚಿಗೆ ಎಷ್ಟು. ಇದನ್ನು ಬರೆಯದೇ ಸ್ನೇಹದ ಮೇಲೆ ಹೊರಟ ಎರಡು ಗುಂಪುಗಳ ಸ್ನೇಹವೇ ಮುರಿದದ್ದನ್ನು ಕಂಡಿದ್ದೇನೆ.

ಬಜೆಟ್‌ನಲ್ಲಿ ಮನುಷ್ಯರನ್ನು ಮರೆಯಬೇಡಿ

ಅರ್ಜಿಯ ಬಹುಪಾಲು ಸುಲಭ. ಏನು ಮಾಡುತ್ತೀರಿ, ಎಲ್ಲಿ, ಯಾರಿಗಾಗಿ, ಎಷ್ಟು ದಿನ. ನಾಲ್ಕು ಪ್ಯಾರಾ ಸಾಕು. "ಸಮುದಾಯದ ಸಬಲೀಕರಣ" ಥರದ ದೊಡ್ಡ ಮಾತು ಬೇಡ. "ಮಳೆಗಾಲದಲ್ಲಿ ಶಾಲೆ ಅಂಗಳದಲ್ಲಿ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತೇವೆ" ಅಂತ ಬರೆದರೆ ಓದುವವರಿಗೆ ಚಿತ್ರ ಸಿಗುತ್ತದೆ. ಒಂದು ಲೆಕ್ಕವನ್ನೂ ಸೇರಿಸಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ. ಬರೀ ಒಂದು 30x40 ಅಡಿ ಸೈಟಿನ ಮೇಲೆ ಬೀಳುವ ನೀರೇ ವರ್ಷಕ್ಕೆ ಒಂದು ಲಕ್ಷ ಲೀಟರ್ ದಾಟುತ್ತದೆ. ಶಾಲೆಯ ಚಾವಣಿ ಅದಕ್ಕಿಂತ ದೊಡ್ಡದು. ಈ ಲೆಕ್ಕ ಹೇಗೆ ಹಾಕುವುದು, ಫಿಲ್ಟರ್ ಹೇಗಿರಬೇಕು ಅನ್ನೋದನ್ನು ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿ ಮಾಡಿರುವ ಮಳೆನೀರು ಕೊಯ್ಲು ಪಾರ್ಕಿಗೆ ಹೋಗಿ ಕಣ್ಣಾರೆ ನೋಡಬಹುದು.

ಕಷ್ಟ ಬರುವುದು ಬಜೆಟ್‌ನಲ್ಲಿ. ನಮ್ಮ 92 ಸಾವಿರ ಹೀಗಿತ್ತು: ಬಾವಿ ತೋಡಿ ಸಿಮೆಂಟ್ ರಿಂಗ್ ಇಳಿಸಿ ಮೇಲೆ ಕಬ್ಬಿಣದ ಮುಚ್ಚಳ ಹಾಕಲು 38 ಸಾವಿರ, ಪೈಪು ಮತ್ತು ಫಿಲ್ಟರಿಗೆ 14 ಸಾವಿರ, ರೆಕಾರ್ಡಿಂಗ್ ಮತ್ತು ಪುಸ್ತಕದ ಮುದ್ರಣಕ್ಕೆ 20 ಸಾವಿರ, ಸಂಘದ ಆಡಿಟ್ ಮತ್ತು ಚಿಲ್ಲರೆ ಖರ್ಚಿಗೆ 8 ಸಾವಿರ. ಉಳಿದ 12 ಸಾವಿರ ಒಬ್ಬ ಹುಡುಗಿಗೆ. ಆರು ತಿಂಗಳು ವಾರಕ್ಕೆ ಎರಡು ದಿನ ಶಾಲೆಗೆ ಹೋಗಿ ಮಕ್ಕಳ ಜೊತೆ ಕೆಲಸ ಮಾಡುವವಳು.

ಮೊದಲ ಕರಡಿನಲ್ಲಿ ಆ 12 ಸಾವಿರ ಇರಲಿಲ್ಲ. "ಸೇವೆ ಅಲ್ವಾ, ದುಡ್ಡು ಯಾಕೆ" ಅಂತ ನಮ್ಮಲ್ಲೇ ಒಬ್ಬರು ಅಂದಿದ್ದರು. ನಾನು ಬಲವಾಗಿ ವಿರೋಧಿಸಿದೆ. ಸಿಮೆಂಟ್ ರಿಂಗಿಗೆ ಬೆಲೆ ಇದೆ, ಮನುಷ್ಯರ ಮಧ್ಯಾಹ್ನಗಳಿಗೆ ಇಲ್ಲ ಅಂದರೆ ಹೇಗೆ? ಬಿಡುವಿರುವವರು, ಪೆನ್ಷನ್ ಬರುವವರು ಪುಕ್ಕಟೆ ಮಾಡಬಹುದು. ಕಾಲೇಜು ಓದುತ್ತಾ ಸಂಜೆ ಟ್ಯೂಷನ್ ಹೇಳಿ ಮನೆ ನಡೆಸುವ ಹುಡುಗಿಗೆ ಪುಕ್ಕಟೆ ಮಾಡಲು ಆಗುವುದಿಲ್ಲ. ಕೂಲಿ ಬರೆಯದ ಬಜೆಟ್ ಕೊನೆಗೆ ಯಾರಿಗೆ ಮಾತ್ರ ಅವಕಾಶ ಕೊಡುತ್ತದೆ ಯೋಚಿಸಿ. ಗ್ರಾಂಟ್ ಕೊಡುವವರಲ್ಲೂ "ಸಂಬಳಕ್ಕೆ ಕೊಡುವುದಿಲ್ಲ" ಅನ್ನುವವರಿದ್ದಾರೆ. ಆ ನಿಯಮ ಬದಲಾಗಲೇಬೇಕು.

ಬಾವಿ ತೋಡುವವರ ವಿಷಯವೂ ಅಷ್ಟೇ. ಈ ಊರಿನಲ್ಲಿ ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದವರು ಮಣ್ಣು ವಡ್ಡರ ಸಮುದಾಯದವರು. ಕೊಳವೆ ಬಾವಿ ಬಂದ ಮೇಲೆ ಅವರ ಕೆಲಸ ಕುಸಿಯಿತು. ನೀರಿನ ವಿಷಯದಲ್ಲಿ ಕೆಲಸ ಮಾಡುವ ಬಯೋಮ್ ಸಂಸ್ಥೆ 2015ರಲ್ಲಿ ಬೆಂಗಳೂರಿಗೆ ಹತ್ತು ಲಕ್ಷ ಇಂಗು ಬಾವಿ ಅನ್ನುವ ಅಭಿಯಾನ ಶುರು ಮಾಡಿದಾಗ ಇವರ ಕೈಗೆ ಮತ್ತೆ ಕೆಲಸ ಬಂತು. ಕಬ್ಬನ್ ಪಾರ್ಕಿನಲ್ಲಿ ಮುಚ್ಚಿಹೋಗಿದ್ದ ಹಳೆಯ ಬಾವಿಗಳ ಹೂಳೆತ್ತಿ ನೀರು ಕಾಣಿಸಿದ್ದೂ ಇವರೇ. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಗುಂಡಿಯೊಳಗೆ ಇಳಿದು ಮಣ್ಣಿನ ಬಣ್ಣ ನೋಡಿ ನೀರು ಇಂಗುತ್ತದೋ ಇಲ್ಲವೋ ಹೇಳುತ್ತಾರೆ. ಆ ವಿದ್ಯೆಗೆ ತಕ್ಕ ಕೂಲಿ ಬಜೆಟ್‌ನಲ್ಲಿ ಇರಬೇಕು, ಚೌಕಾಸಿ ಮಾಡಿ ಕಡಿಮೆ ಮಾಡುವ ಜಾಗ ಅದಲ್ಲ.

ಗಿಡ ನೆಡುವ ಯೋಜನೆಗಳಿಗೆ ಒಂದು ಮಾತು. ಸಸಿಯ ಬೆಲೆ ಕಡಿಮೆ. ಎರಡು ಬೇಸಿಗೆ ಅದಕ್ಕೆ ನೀರು ಹಾಕುವುದು ನಿಜವಾದ ಖರ್ಚು. ಅದನ್ನು ಬರೆಯದ ಅರ್ಜಿ ಜೂನ್ ತಿಂಗಳ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಏಪ್ರಿಲ್‌ನಲ್ಲಿ ಒಣ ಕಡ್ಡಿ ಉಳಿದಿರುತ್ತದೆ.

ಅನುಮತಿ ಪತ್ರ ಮೊದಲೇ ಇಟ್ಟುಕೊಳ್ಳಿ. ಸರ್ಕಾರಿ ಶಾಲೆಯಾದರೆ ಮುಖ್ಯಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ), ಬೇಕಾದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಪಾರ್ಕು, ಫುಟ್‌ಪಾತ್ ಆದರೆ ನಗರ ಪಾಲಿಕೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಐದು ಪಾಲಿಕೆಗಳಾಗಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಹಳೆಯ ವಿಳಾಸಕ್ಕೆ ಪತ್ರ ಬರೆದು ಕಾಯುತ್ತಾ ಕೂರಬೇಡಿ. ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿದೆ ನೋಡಿಕೊಂಡು ಬರೆಯಿರಿ.

ದುಡ್ಡು ಬಂದ ಮೇಲೆ

ದುಡ್ಡು ಸಾಮಾನ್ಯವಾಗಿ ಒಂದೇ ಸಲ ಬರುವುದಿಲ್ಲ. ಕನ್ನಡ ಸಂಘದ ಖಾತೆ ಕೊಟ್ಟ ಮೇಲೆ ಆ ಟ್ರಸ್ಟ್‌ನಿಂದ ನಮಗೆ ಬಂದದ್ದು ಎರಡು ಕಂತಿನಲ್ಲಿ. ಮೊದಲನೆಯದರ ಲೆಕ್ಕ ಕೊಟ್ಟ ಮೇಲೆ ಎರಡನೆಯದು. ಕೊನೆಯಲ್ಲಿ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಕಚೇರಿಗಳಲ್ಲಿ ಎಲ್ಲರೂ ಯುಸಿ ಅನ್ನುವುದು ಇದಕ್ಕೇ. ಇಷ್ಟು ಬಂತು, ಹೇಳಿದ ಕೆಲಸಕ್ಕೇ ಇಷ್ಟು ಖರ್ಚಾಯಿತು, ಇಷ್ಟು ಉಳಿಯಿತು ಅಂತ ಆಡಿಟರ್ ಸಹಿ ಹಾಕಿದ ಒಂದು ಪುಟ. ಆ ಒಂದು ಪುಟಕ್ಕಾಗಿ ಆರು ತಿಂಗಳ ಬಿಲ್‌ಗಳು ಬೇಕು.

ಬಿಲ್ ಕೊಡದವರ ಹತ್ತಿರವೂ ನಾವು ಕೊಳ್ಳುತ್ತೇವೆ. ಮಣ್ಣು ಸಾಗಿಸಿದ ಟೆಂಪೊದವರು, ಮಕ್ಕಳಿಗೆ ಇಡ್ಲಿ ಕೊಟ್ಟ ಅಕ್ಕ. ಅವರಿಗೆ ವೋಚರ್ ಬರೆಯಬೇಕು. ಹೆಸರು, ಕೆಲಸ, ತಾರೀಖು, ಮೊತ್ತ, ಸಹಿ. ಅವತ್ತೇ ಬರೆಯಬೇಕು, ತಿಂಗಳ ಕೊನೆಗೆ ಅಂತ ಬಿಟ್ಟರೆ ಯಾರಿಗೂ ನೆನಪಿರುವುದಿಲ್ಲ. ಒಬ್ಬರಿಗೆ ಒಂದೇ ದಿನ 10 ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ಲೆಕ್ಕದಲ್ಲಿ ಸಂಘಕ್ಕೆ ತೊಂದರೆ. ಹಾಗಾಗಿ ಬಾವಿಯವರಿಗೆ ಬ್ಯಾಂಕ್ ಮೂಲಕವೇ ಕೊಟ್ಟೆವು. ಜನರಿಂದ ದೇಣಿಗೆ ತೆಗೆದುಕೊಳ್ಳುವಾಗಲೂ ಇದು ನೆನಪಿರಲಿ: 2,000 ರೂಪಾಯಿ ದಾಟಿದ ನಗದು ದೇಣಿಗೆಗೆ ಕೊಟ್ಟವರಿಗೆ 80ಜಿ ರಿಯಾಯಿತಿ ಸಿಗುವುದಿಲ್ಲ.

ಲೆಕ್ಕವನ್ನು ನಾವು ಗ್ರಾಂಟ್ ಕೊಟ್ಟವರಿಗೆ ಮಾತ್ರ ಕೊಡಲಿಲ್ಲ. ಶಾಲೆಯ ಗೇಟಿನ ಪಕ್ಕದ ಗೋಡೆಗೆ ಅಂಟಿಸಿದೆವು, ಗಣೇಶನ ಹಬ್ಬ ಆದ ಮೇಲೆ ಜಮಾ-ಖರ್ಚು ಅಂಟಿಸುತ್ತೇವಲ್ಲ, ಹಾಗೇ. ಬೀದಿಯವರು ನಿಂತು ಓದಿದರು. ಹೂವಿನ ಅಂಗಡಿಯ ತಾತ ಮೊಮ್ಮಗಳ ಕೈಲಿ ಓದಿಸಿಕೊಂಡು, "ಮುಚ್ಚಳಕ್ಕೆ ಇಷ್ಟೊಂದಾಯ್ತಾ?" ಅಂತ ಕೇಳಿದರು. ಕಬ್ಬಿಣದ ಬೆಲೆ, ಮಕ್ಕಳು ಓಡಾಡುವ ಜಾಗ, ಗಟ್ಟಿ ಮುಚ್ಚಳ ಬೇಕು ಅಂತ ವಿವರಿಸಿದೆ. ತಲೆಯಾಡಿಸಿದರು.

ಎಲ್ಲ ಮುಗಿದ ಮೇಲೆ 2,340 ರೂಪಾಯಿ ಉಳಿಯಿತು. ವಾಪಸ್ ಕೊಡಬೇಕಾದ ದುಡ್ಡು. ನಾವು ಟ್ರಸ್ಟ್‌ಗೆ ಪತ್ರ ಬರೆದು ಕೇಳಿದೆವು: ಇಂಗು ಬಾವಿಯ ಹೂಳನ್ನು ಪ್ರತಿ ವರ್ಷ ಮಳೆಗೆ ಮುಂಚೆ ತೆಗೆಸಬೇಕು, ಈ ಉಳಿಕೆಯನ್ನು ಮೊದಲ ವರ್ಷದ ಆ ಖರ್ಚಿಗೆ ಇಟ್ಟುಕೊಳ್ಳಬಹುದಾ? ಹತ್ತು ದಿನದಲ್ಲಿ ಒಪ್ಪಿಗೆಯ ಪತ್ರ ಬಂತು. ಅದನ್ನು ಫೈಲಿನಲ್ಲಿ ಯುಸಿಯ ಹಿಂದೆ ಸೇರಿಸಿದ್ದೇವೆ. ಏಪ್ರಿಲ್ ಎರಡನೇ ವಾರ ಬಾವಿಯವರು ಬರುತ್ತಾರೆ. ಮುಖ್ಯಶಿಕ್ಷಕಿ ಮೇಡಂ ಆ ದಿನ ಮಕ್ಕಳೂ ನೋಡಲಿ ಅಂತ ಬೆಳಗ್ಗೆ ಒಂಬತ್ತಕ್ಕೇ ಬರಲು ಹೇಳಿದ್ದಾರೆ.